ಬ್ಲಾಕ್ ಮಾಡಿದರೂ ನಿಲ್ಲದ ಸ್ಪ್ಯಾಮ್ ಕರೆ, ಮೆಸೇಜ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಓಟಿಪಿ ಹೇಳಿಯೋ, ಲಿಂಕ್ ಒತ್ತಿಯೋ ಈಗಾಗಲೇ ದುಡ್ಡು ಹೋಗಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕೂಡಲೇ ಬ್ಯಾಂಕಿಗೂ ತಿಳಿಸಿ. ಹೋದ ಹಣ ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಯಲು ಇರುವ ದಾರಿ ಅದೇ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಅಲ್ಲಿಗೂ ಹೋಗಿ, ಆದರೆ ಫೋನ್ ಮೊದಲು, ಠಾಣೆ ಆಮೇಲೆ.

ದುಡ್ಡು ಹೋಗಿಲ್ಲ, ಬರೀ ಕಾಟ ಎನ್ನುವವರು ಮುಂದೆ ಓದಿ.

ಚಿಕ್ಕಮಗಳೂರಿನ ನಮ್ಮ ಮೊಬೈಲ್ ರಿಪೇರಿ ಅಂಗಡಿಗೆ ಡಿಸ್‌ಪ್ಲೇ ಒಡೆದುಕೊಂಡು ಬರುವವರ ಜೊತೆಗೆ ಈ ಕಾಟ ಹೊತ್ತುಕೊಂಡು ಬರುವವರೂ ಇದ್ದಾರೆ. "ಏನ್ ಮಾರಾಯ, ದಿನಾ ಬ್ಲಾಕ್ ಮಾಡ್ತೀನಿ, ದಿನಾ ಬರುತ್ತೆ. ಫೋನೇ ಸರಿ ಇಲ್ವಾ?" ಎಂದು ಕೇಳುತ್ತಾರೆ. ಹೆಚ್ಚಿನ ಸಲ ಫೋನ್ ಸರಿಯಾಗಿಯೇ ಇರುತ್ತದೆ. ಬ್ಲಾಕ್ ಕೂಡ ತನ್ನ ಕೆಲಸ ಮಾಡಿರುತ್ತದೆ. ಆದರೆ ಅದು ತಡೆಯುವುದು ಒಂದೇ ಒಂದು ನಂಬರನ್ನು. ಕರೆ ಮಾಡುವವರ ಹತ್ತಿರ ನಂಬರ್‌ಗಳಿಗೇನೂ ಬರ ಇಲ್ಲ. ಒಂದು ಹಣ್ಣು ಕಿತ್ತೆಸೆದು ತೋಟದ ಕಾಯಿಕೊರಕ ಹೋಯಿತು ಅಂದುಕೊಂಡ ಹಾಗೆ.

ಹಾಗಾಗಿ ನಾನು ಮೊದಲು ಕೇಳುವುದು, ಇದು ಯಾವ ಬಾಗಿಲಿಂದ ಬರುತ್ತಿದೆ ಎಂದು. ಲೈಸೆನ್ಸ್ ಇರುವ ಜಾಹೀರಾತು ಕರೆ ಬರುವ ಬಾಗಿಲು ಬೇರೆ, ಕದ್ದುಮುಚ್ಚಿ ಸಾಮಾನ್ಯ ಸಿಮ್‌ನಿಂದ ಬರುವುದು ಬೇರೆ. ವಾಟ್ಸಾಪ್ ಬೇರೆ, ಬ್ರೌಸರ್ ಬೇರೆ. ನಿಮ್ಮದೇ ಫೋನಿನೊಳಗೆ ಕೂತಿರುವ ಕೆಟ್ಟ ಆಪ್ ಇನ್ನೂ ಬೇರೆ. ಒಂದಕ್ಕೆ ಹಾಕುವ ಬೀಗ ಇನ್ನೊಂದಕ್ಕೆ ಕೂರುವುದಿಲ್ಲ. ಜಾಹೀರಾತು ಬೇಡ ಎನ್ನಲು, ದೂರು ಕೊಡಲು ಇರುವ 1909ಕ್ಕೆ ಮೆಸೇಜ್ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ ಎನ್ನುವವರಲ್ಲಿ ಎಷ್ಟೋ ಜನ ಬೇರೆ ಬಾಗಿಲಿಗೆ ಆ ಬೀಗ ಹಾಕಿರುತ್ತಾರೆ.

ಮೊದಲ ಪರೀಕ್ಷೆ: ನಂಬರ್ ಓದಿ

ಕಾಲ್ ಲಾಗ್ ತೆರೆಯಿರಿ. ಕಳೆದ ಒಂದು ವಾರದಲ್ಲಿ ಕಾಟ ಕೊಟ್ಟ ನಂಬರ್‌ಗಳ ಮೊದಲ ಅಂಕಿಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

140ರಿಂದ ಶುರುವಾದರೆ ಅದು ನೋಂದಾಯಿತ ಜಾಹೀರಾತು ಕರೆ. ಕಾನೂನಿನ ಒಳಗೇ ಇರುವ ಕಾಟ. ಇದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ.

1600ರಿಂದ ಶುರುವಾದರೆ ಬ್ಯಾಂಕ್, ವಿಮೆ ಕಂಪನಿ, ಸರ್ಕಾರಿ ಇಲಾಖೆಗಳ ಸೇವಾ ಕರೆ. ಇದನ್ನು ಬ್ಲಾಕ್ ಮಾಡಬೇಡಿ. ಈ ಸರಣಿಯನ್ನು ಕೊಟ್ಟಿರುವುದೇ ನಿಜವಾದ ಬ್ಯಾಂಕ್ ಕರೆಯನ್ನು ಜನ ಗುರುತಿಸಲಿ ಎಂದು. ಹಾಗೆಂದು ಅಲ್ಲಿಂದ ಬಂದವರಿಗೂ ಓಟಿಪಿ ಹೇಳುವ ಅಗತ್ಯ ಇಲ್ಲ.

ಸಾಮಾನ್ಯ 10 ಅಂಕಿಯ ಮೊಬೈಲ್ ನಂಬರ್‌ನಿಂದ ಸಾಲ, ಸೈಟು, ಷೇರು ಟಿಪ್ಸ್ ಮಾರುತ್ತಿದ್ದರೆ ಅದು ನಿಯಮ ಮುರಿದ ಕರೆ. ನೀವು ಡಿಎನ್‌ಡಿ (ಜಾಹೀರಾತು ಬೇಡ ಎಂಬ ನೋಂದಣಿ) ಹಾಕಿಸಿದ್ದೀರೋ ಇಲ್ಲವೋ, ಅದು ತಪ್ಪೇ. ನಮ್ಮ ಕಡೆಯವರ ಮುಖ್ಯ ತಲೆನೋವು ಇದೇ. ಇದರ ಬಗ್ಗೆ ಕೆಳಗೆ ಜಾಸ್ತಿ ಬರೆದಿದ್ದೇನೆ.

080ಯಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರ್ ಸ್ವಲ್ಪ ಗೊಂದಲದ್ದು. ಕಾಲ್ ಸೆಂಟರ್‌ನವರೂ ಇದನ್ನೇ ಬಳಸುತ್ತಾರೆ, ಬೆಂಗಳೂರಿನ ಆಸ್ಪತ್ರೆಯವರೂ ಇದನ್ನೇ ಬಳಸುತ್ತಾರೆ. ಸಿಟ್ಟಿನಲ್ಲಿ 080 ಪೂರ್ತಿ ಬ್ಲಾಕ್ ಮಾಡಿಸಿಕೊಂಡರೆ ಅಪ್ಪನ ಸ್ಕ್ಯಾನ್ ರಿಪೋರ್ಟ್ ಬಗ್ಗೆ ಬರುವ ಫೋನೂ ನಿಂತುಹೋಗುತ್ತದೆ. 08172 ಅಂದರೆ ಹಾಸನ, 08262 ಅಂದರೆ ಚಿಕ್ಕಮಗಳೂರು, 08263 ಮೂಡಿಗೆರೆ, 08173 ಸಕಲೇಶಪುರ. ಇವು ನಮ್ಮೂರಿನವೇ, ಎತ್ತಿ ನೋಡುವುದು ಒಳ್ಳೆಯದು.

+92, +84, +62 ಹೀಗೆ ಪರದೇಶದ ಕೋಡ್ ಇದ್ದು, ಒಂದೇ ರಿಂಗ್ ಆಗಿ ಕಟ್ ಆದರೆ ವಾಪಸ್ ಮಾಡಬೇಡಿ. ನೀವು ವಾಪಸ್ ಮಾಡಲಿ ಎಂದೇ ಹಾಗೆ ಕಟ್ ಮಾಡಿರುತ್ತಾರೆ, ಮಾಡಿದರೆ ಅಂತರರಾಷ್ಟ್ರೀಯ ದರ ಬೀಳುತ್ತದೆ. ಪರದೇಶದಿಂದ ಕರೆ ಮಾಡಿ ಭಾರತದ ನಂಬರ್ ತೋರಿಸುವ ಆಟವೂ ಇತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು ತಡೆಯುವ ವ್ಯವಸ್ಥೆ ಶುರುವಾದ ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆಗಳನ್ನು ತಡೆದರು. ಆದರೆ ಮಗ ದುಬೈನಲ್ಲೋ ಮಗಳು ಅಮೆರಿಕದಲ್ಲೋ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರು ಪರದೇಶದ ಕರೆಗಳನ್ನೆಲ್ಲ ಮುಚ್ಚಿಸುವಂತಿಲ್ಲ. ಮಕ್ಕಳ ನಂಬರನ್ನು ಹೆಸರು ಹಾಕಿ ಸೇವ್ ಮಾಡಿಕೊಳ್ಳಿ, ಉಳಿದದ್ದನ್ನು ಎತ್ತಬೇಡಿ.

140 ಕರೆ ನಿಲ್ಲುತ್ತಿಲ್ಲ, ಡಿಎನ್‌ಡಿ ಹಾಕಿಸಿಯೂ ಆಗಿದೆ

ಡಿಎನ್‌ಡಿ ಹಾಕಿಸುವುದು ಸುಲಭ. ಮೆಸೇಜ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, 0 ಹಾಕಿ 1909ಕ್ಕೆ ಕಳಿಸಿ. ಎಲ್ಲಾ ಬಗೆಯ ಜಾಹೀರಾತೂ ಬೇಡ ಎಂದು ಅರ್ಥ. ಕೆಲವು ಬಗೆಯನ್ನು ಮಾತ್ರ ಆರಿಸಲೂ ಬರುತ್ತದೆ, ಒಂದೊಂದಕ್ಕೂ ಒಂದೊಂದು ಅಂಕಿ ಇದೆ: 1 ಬ್ಯಾಂಕು, ವಿಮೆ, ಕ್ರೆಡಿಟ್ ಕಾರ್ಡ್; 2 ಸೈಟು, ಮನೆ; 3 ಶಿಕ್ಷಣ; 4 ಆರೋಗ್ಯ. ಹೀಗೆ 8ರವರೆಗೆ ಇದೆ. ಸಿಮ್ ಕಂಪನಿಯ ಆಪ್‌ನಲ್ಲೂ, ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆಪ್‌ನಲ್ಲೂ ಇದನ್ನೇ ಮಾಡಬಹುದು. ಮೆಸೇಜ್‌ಗೆ ದುಡ್ಡಿಲ್ಲ.

ಮಾಡಿಯೂ ನಿಲ್ಲದಿದ್ದರೆ ನಾನು ನೋಡುವುದು ಮೂರು ಜಾಗ.

ಒಂದು, ಎರಡು ಸಿಮ್. ಕರೆ ಬರುವುದು ಮೊದಲ ಸಿಮ್‌ಗೆ, 1909ಕ್ಕೆ ಮೆಸೇಜ್ ಹೋಗಿರುವುದು ಎರಡನೆಯದರಿಂದ. ಮಲೆನಾಡಿನಲ್ಲಿ ಇದು ತೀರಾ ಸಾಮಾನ್ಯ. ತೋಟದಲ್ಲಿ ಒಂದು ಕಂಪನಿಗೆ ಸಿಗ್ನಲ್, ಪೇಟೆಯಲ್ಲಿ ಇನ್ನೊಂದಕ್ಕೆ. ಹಾಗಾಗಿ ಎಲ್ಲರ ಹತ್ತಿರವೂ ಎರಡು ಸಿಮ್. ಮೆಸೇಜ್ ಕಳಿಸುವ ಗುಂಡಿಯ ಹತ್ತಿರ ಸಿಮ್ 1 ಅಥವಾ 2 ಎಂದು ಸಣ್ಣದಾಗಿ ತೋರಿಸುತ್ತದೆ, ಅದನ್ನು ನೋಡಿ ಕಳಿಸಿ. ಎರಡರಿಂದಲೂ ಕಳಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಎರಡು, ಸಮಯ. ಇವತ್ತು ಕಳಿಸಿ ನಾಳೆ ಬೆಳಿಗ್ಗೆ ಕರೆ ಬಂದರೆ ಕೆಟ್ಟಿದೆ ಎಂದಲ್ಲ. ಒಂದು ವಾರ ಬಿಟ್ಟು ನೋಡಿ.

ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ: ನೀವೇ ಕೊಟ್ಟ ಒಪ್ಪಿಗೆ. ಜಾತ್ರೆಯಲ್ಲೋ ಎಕ್ಸಿಬಿಷನ್‌ನಲ್ಲೋ ಲಕ್ಕಿ ಡ್ರಾ ಚೀಟಿ ತುಂಬಿರುತ್ತೀರಿ. ಆನ್‌ಲೈನ್‌ನಲ್ಲಿ ವಿಮೆಯ ದರ ಹೋಲಿಸಲು ನಂಬರ್ ಹಾಕಿರುತ್ತೀರಿ. ಅಲ್ಲಿ ಕೆಳಗೆ ಒಂದು ಟಿಕ್ ಇರುತ್ತದೆ, ಡಿಎನ್‌ಡಿ ಇದ್ದರೂ ನನಗೆ ಕರೆ ಮಾಡಬಹುದು ಎಂದು. ಆ ಒಪ್ಪಿಗೆ ಡಿಎನ್‌ಡಿಯನ್ನು ದಾಟಿ ಬರುತ್ತದೆ. ಇಂಥ ಕಡೆ ಆ ಕಂಪನಿಗೇ ಬೇಡ ಎಂದು ಹೇಳಿ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬೇಕು. ಅಂದಹಾಗೆ, ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಎಂದೇನಿಲ್ಲ. ಗ್ರಾಹಕರನ್ನು ಹೀಗೆ ಒತ್ತಾಯಿಸಬಾರದು ಎಂದು 2023ರಲ್ಲೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಅಂಗಡಿಯವರಿಗೆ ಸೂಚನೆ ಕೊಟ್ಟಿದೆ. ಸುಮ್ನೆ ಬೇಡ ಎಂದರೆ ಸಾಕು.

10 ಅಂಕಿಯ ನಂಬರ್‌ಗಳು: ಬ್ಲಾಕ್ ಅಲ್ಲ, ದೂರು

ಇವರಿಗೆ ಡಿಎನ್‌ಡಿ ಪಟ್ಟಿ ಲೆಕ್ಕಕ್ಕೇ ಇಲ್ಲ. ನೋಂದಾಯಿಸಿಕೊಂಡ ಕಂಪನಿ ಪಟ್ಟಿ ನೋಡಿ ಡಯಲ್ ಮಾಡಬೇಕು. ಇವರು ಸಾಮಾನ್ಯ ಸಿಮ್ ಹಾಕಿಕೊಂಡು ಸಿಕ್ಕ ನಂಬರ್‌ಗೆಲ್ಲ ಹೊಡೆಯುತ್ತಾರೆ. ಆದ್ದರಿಂದ ಇಲ್ಲಿ ಕೆಲಸ ಮಾಡುವುದು ದೂರು. ಜನ ದೂರು ಕೊಡುವುದಿಲ್ಲ, ನನ್ನೊಬ್ಬನಿಂದ ಏನಾಗುತ್ತೆ ಎನ್ನುತ್ತಾರೆ. ನಿಯಮ ನೋಡಿದರೆ ಹಾಗಿಲ್ಲ.

ಟ್ರಾಯ್ 2018ರಲ್ಲಿ ಮಾಡಿದ ನಿಯಮವನ್ನು 2025ರ ಫೆಬ್ರುವರಿಯಲ್ಲಿ ಬಿಗಿ ಮಾಡಿತು. ಮೊದಲು 7 ದಿನದಲ್ಲಿ 10 ದೂರು ಬಿದ್ದರೆ ಮಾತ್ರ ಆ ನಂಬರ್ ಮೇಲೆ ಕ್ರಮ ಶುರುವಾಗುತ್ತಿತ್ತು. ಈಗ 10 ದಿನದಲ್ಲಿ 5 ಸಾಕು. ಕ್ರಮಕ್ಕೆ ಮೊದಲು 30 ದಿನ ಇತ್ತು, ಈಗ 5 ದಿನ. ದೂರು ಕೊಡಲು ನಮಗೆ 3 ದಿನ ಇತ್ತು, ಈಗ 7 ದಿನ ಇದೆ. ನೀವು ಡಿಎನ್‌ಡಿ ಹಾಕಿಸಿರಲೇಬೇಕು ಎಂಬ ಷರತ್ತೂ ಹೋಗಿದೆ. ಮೊದಲ ಸಲ ಸಿಕ್ಕಿಬಿದ್ದರೆ ಹೊರಹೋಗುವ ಕರೆಗಳು 15 ದಿನ ಬಂದ್. ಮತ್ತೆ ಸಿಕ್ಕಿಬಿದ್ದರೆ ಅವರ ಎಲ್ಲಾ ಸಂಪರ್ಕ, ಎಲ್ಲಾ ಕಂಪನಿಗಳಲ್ಲೂ, ಒಂದು ವರ್ಷ ಕಡಿತ. ನಿಮ್ಮದು ಆ ಐದರಲ್ಲಿ ಒಂದು ಅಲ್ವಾ?

ದೂರು ಬರೆಯುವ ರೀತಿ: ಏನು ಮಾರಲು ಕರೆ ಮಾಡಿದರು ಎಂದು ಒಂದೆರಡು ಪದ, ಅಲ್ಪವಿರಾಮ, ಅವರ ನಂಬರ್, ಅಲ್ಪವಿರಾಮ, ಕರೆ ಬಂದ ತಾರೀಖು. ಇಷ್ಟನ್ನು 1909ಕ್ಕೆ ಕಳಿಸಿ. ಕರೆ ಬಂದ ಸಿಮ್‌ನಿಂದಲೇ ಕಳಿಸಬೇಕು. ದೂರಿನ ಸಂಖ್ಯೆ ವಾಪಸ್ ಬರುತ್ತದೆ, ಅಳಿಸಬೇಡಿ. 1909ಕ್ಕೆ ಫೋನ್ ಮಾಡಿಯೂ ಹೇಳಬಹುದು. ಡಿಎನ್‌ಡಿ ಆಪ್ ಇದ್ದರೆ ಕಾಲ್ ಲಾಗ್‌ನಿಂದಲೇ ಆರಿಸಿ ಕಳಿಸಬಹುದು, ಟೈಪ್ ಮಾಡುವ ಗೋಳಿಲ್ಲ.

ದೂರು ತಿರಸ್ಕೃತವಾಗುತ್ತಿದ್ದರೆ ತಾರೀಖು ತಪ್ಪಿರಬಹುದು, 7 ದಿನ ದಾಟಿರಬಹುದು, ಇಲ್ಲವೇ ವಿವರದ ಜಾಗದಲ್ಲಿ "ಸ್ಪ್ಯಾಮ್" ಎಂದಷ್ಟೇ ಬರೆದಿರಬಹುದು. "ಪರ್ಸನಲ್ ಲೋನ್ ಬೇಕಾ ಎಂದು ಕೇಳಿದರು" ಎನ್ನುವಷ್ಟಾದರೂ ಇರಲಿ. ಅದಕ್ಕಾಗಿಯೇ ನಾನು ಹೇಳುವುದು, ಒಮ್ಮೆ ಎತ್ತಿ, ಏನು ಮಾರುತ್ತಿದ್ದಾರೆ ಎಂದು ಕೇಳಿ, ಇಟ್ಟುಬಿಡಿ. ಬೈಯಬೇಡಿ. ಬೈದರೆ ಅವರ ಪಟ್ಟಿಯಿಂದ ನಿಮ್ಮ ಹೆಸರು ಹೋಗುವುದಿಲ್ಲ, ನಿಮ್ಮ ಬಿಪಿ ಏರುತ್ತದೆ ಅಷ್ಟೇ.

ಕರೆ ಮಾಡುವವರು ಸಾಲ ಮಾರುವ ಬದಲು ಪೊಲೀಸ್, ಕೊರಿಯರ್, ಬ್ಯಾಂಕ್ ಎಂದು ನಾಟಕ ಆಡುತ್ತಿದ್ದರೆ ಜಾಗ ಬೇರೆ. ಅದು ಕೇಂದ್ರದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿರುವ ಚಕ್ಷು ಎಂಬ ದೂರು ವಿಭಾಗ. 2024ರ ಮಾರ್ಚ್‌ನಲ್ಲಿ ಶುರುವಾಯಿತು. 30 ದಿನದೊಳಗೆ ಬಂದ ಮೋಸದ ಕರೆ, ಮೆಸೇಜ್, ವಾಟ್ಸಾಪ್ ಎಲ್ಲವನ್ನೂ ಅಲ್ಲಿ ಹಾಕಬಹುದು, ಸ್ಕ್ರೀನ್‌ಶಾಟ್ ಸಮೇತ. "ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ" ಎಂದು ಟ್ರಾಯ್ ಹೆಸರಲ್ಲಿ ಬರುವ ಕರೆ ಈ ಗುಂಪಿನದು. ಟ್ರಾಯ್ ಯಾರಿಗೂ ಹಾಗೆ ಕರೆ ಮಾಡುವುದಿಲ್ಲ.

ಎತ್ತಿದರೆ ಯಾರೂ ಮಾತಾಡುವುದಿಲ್ಲ

ಇದಕ್ಕೆ ಹೆದರಿ ಫೋನ್ ಹ್ಯಾಕ್ ಆಗಿದೆ ಎಂದು ಬರುವವರಿದ್ದಾರೆ. ಹ್ಯಾಕ್ ಅಲ್ಲ. ಕಾಲ್ ಸೆಂಟರ್‌ನ ಯಂತ್ರ ಒಟ್ಟಿಗೆ ಹತ್ತಾರು ಜನರಿಗೆ ಡಯಲ್ ಮಾಡುತ್ತದೆ. ಎಲ್ಲರೂ ಎತ್ತುವುದಿಲ್ಲ ಎಂಬ ಲೆಕ್ಕದ ಮೇಲೆ, ಕೂತಿರುವ ಹುಡುಗ ಹುಡುಗಿಯರಿಗಿಂತ ಜಾಸ್ತಿ ನಂಬರ್ ಹೊಡೆಯುತ್ತದೆ. ಅಂದಾಜಿಗಿಂತ ಹೆಚ್ಚು ಜನ ಎತ್ತಿಬಿಟ್ಟರೆ ಮಾತಾಡಲು ಯಾರೂ ಖಾಲಿ ಇರುವುದಿಲ್ಲ. ನಿಮಗೆ ಮೌನ ಕೇಳಿ, ಕಟ್ ಆಗುತ್ತದೆ. ಕೆಲವು ಸಲ ಈ ನಂಬರ್‌ನಲ್ಲಿ ಜನ ಇದ್ದಾರೋ ಇಲ್ಲವೋ ಎಂದು ನೋಡಲಿಕ್ಕೂ ಹೀಗೆ ಮಾಡುತ್ತಾರೆ. ಹಲೋ ಹಲೋ ಎಂದು ಕೂಗುತ್ತಾ ನಿಲ್ಲಬೇಡಿ.

ಬೇರೆ ಯಾರದೋ ಹೆಸರು ಹೇಳಿ ಸಾಲ ಕಟ್ಟು ಎನ್ನುತ್ತಾರೆ

ಇದು ಸ್ಪ್ಯಾಮ್ ಅಲ್ಲ, ಆದರೆ ಸ್ಪ್ಯಾಮ್ ಎಂದುಕೊಂಡೇ ಬರುತ್ತಾರೆ. ಕಾರಣ ಎರಡು.

ಸಿಮ್ ಹೊಸದಾಗಿದ್ದರೆ ನಂಬರ್ ಹಳೆಯದಿರಬಹುದು. ಬಂದ್ ಆದ ನಂಬರನ್ನು 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ. ಹಿಂದಿನವನ ಸಾಲ, ಹಿಂದಿನವನ ಚೀಟಿ, ಎಲ್ಲಾ ನಿಮ್ಮ ತಲೆ ಮೇಲೆ. ನಂಬರ್ ನಿಮ್ಮದಾಗಿ ಹಲವು ವರ್ಷವಾಗಿದ್ದರೆ, ಪರಿಚಯದವರು ಯಾರೋ ಸಾಲದ ಆಪ್‌ನಲ್ಲಿ ನಿಮ್ಮ ನಂಬರ್ ಕೊಟ್ಟಿರಬಹುದು, ಅಥವಾ ಆ ಆಪ್ ಅವರ ಕಾಂಟ್ಯಾಕ್ಟ್ ಪಟ್ಟಿಯನ್ನೇ ಎತ್ತಿಕೊಂಡಿರಬಹುದು. ಹಾಗೆ ಪಟ್ಟಿ ಎತ್ತಿಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಷೇಧಿಸಿದೆ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬ ನಿಯಮವೂ ಅದೇ ವರ್ಷದ್ದು.

1909 ಇಲ್ಲಿ ಕೆಲಸ ಮಾಡುವುದಿಲ್ಲ. ಯಾವ ಬ್ಯಾಂಕ್ ಅಥವಾ ಫೈನಾನ್ಸ್ ಪರವಾಗಿ ಕರೆ ಎಂದು ಕೇಳಿ ಬರೆದುಕೊಳ್ಳಿ. ಈ ನಂಬರ್ ಈಗ ನನ್ನದು, ನಿಮ್ಮ ದಾಖಲೆಯಿಂದ ತೆಗೆಯಿರಿ ಎಂದು ಅವರ ದೂರು ವಿಭಾಗಕ್ಕೆ ಇಮೇಲ್ ಮಾಡಿ. 30 ದಿನದಲ್ಲಿ ಸರಿ ಹೋಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ವಿಚಾರಿಸಲು 14448 ಇದೆ.

ಮೆಸೇಜ್ ಎಂದುಕೊಂಡದ್ದು ಮೆಸೇಜೇ ಅಲ್ಲದಿರಬಹುದು

ಮೊದಲು ಒಂದು ಚಿಕ್ಕ ಪರೀಕ್ಷೆ. ನೋಟಿಫಿಕೇಶನ್ ಬಂದಾಗ ತೆರೆಯದೆ, ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಯಾವ ಆಪ್‌ನಿಂದ ಬಂತು ಎಂದು ತೋರಿಸುತ್ತದೆ.

ಕ್ರೋಮ್ ಎಂದು ತೋರಿಸಿದರೆ ಅದು ಎಸ್‌ಎಂಎಸ್ ಅಲ್ಲ. ಕ್ರಿಕೆಟ್ ಸ್ಕೋರೋ ಜಾತಕವೋ ನೋಡಲು ಹೋಗಿ ಯಾವುದೋ ವೆಬ್‌ಸೈಟ್‌ಗೆ "ಅಲೋ" ಒತ್ತಿದ್ದೀರಿ. "ನಿಮ್ಮ ಫೋನಿನಲ್ಲಿ 5 ವೈರಸ್" ಎಂದು ಹೆದರಿಸುವವು ಹೆಚ್ಚಿನ ಸಲ ಇವೇ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಶನ್ಸ್. ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಎರಡು ನಿಮಿಷದ ಕೆಲಸ.

ಪರದೆಯ ನಡುವೆ ಚೌಕಟ್ಟಾಗಿ ಜಾಹೀರಾತು ಬಂದು, "ಓಕೆ" "ಕ್ಯಾನ್ಸಲ್" ಕೇಳಿದರೆ ಅದು ಸಿಮ್ ಕಂಪನಿಯ ಫ್ಲ್ಯಾಶ್ ಮೆಸೇಜ್. ಫೋನಿನಲ್ಲಿ ಸಿಮ್ ಟೂಲ್‌ಕಿಟ್ ಎಂಬ ಆಪ್ ಇರುತ್ತದೆ, ಅದರೊಳಗೆ ನಿಲ್ಲಿಸುವ ಆಯ್ಕೆ ಇದೆ. ಅವಸರದಲ್ಲಿ ಓಕೆ ಒತ್ತಿ ಯಾವುದಾದರೂ ಸೇವೆ ಶುರುವಾಗಿ ಬ್ಯಾಲೆನ್ಸ್ ಕಟ್ ಆಗುತ್ತಿದ್ದರೆ 155223ಕ್ಕೆ ಫೋನ್ ಮಾಡಿ ನಿಲ್ಲಿಸಿ.

ಗೂಗಲ್ ಮೆಸೇಜಸ್‌ನಲ್ಲಿ ಕಂಪನಿಯ ಲೋಗೋ, ಚಿತ್ರ, ಗುಂಡಿಗಳ ಸಮೇತ ಬಂದರೆ ಅದು ಆರ್‌ಸಿಎಸ್, ಇಂಟರ್‌ನೆಟ್ ಮೇಲೆ ಬರುವುದು. ಆ ಮೆಸೇಜ್ ಒಳಗೇ ಅನ್‌ಸಬ್‌ಸ್ಕ್ರೈಬ್ ಅಥವಾ ಬ್ಲಾಕ್ ಒತ್ತಿ. ಆರ್‌ಸಿಎಸ್ ಬಳಸುವುದೇ ಇಲ್ಲ ಎನ್ನುವವರು ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬಹುದು.

ನಿಜವಾದ ಎಸ್‌ಎಂಎಸ್ ಆದರೆ ಕಳಿಸಿದವರ ಹೆಸರಿನ ಬಾಲ ನೋಡಿ. 2025ರಿಂದ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ. ಪಿ ಇದ್ದರೆ ಜಾಹೀರಾತು, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ಡಿಎನ್‌ಡಿ ನಿಲ್ಲಿಸುವುದು ಪಿ ಬಾಲದ್ದನ್ನು. ಎಸ್ ಬಾಲ ಹಾಕಿಕೊಂಡು ಜಾಹೀರಾತು ಬಂದರೆ ಅದೂ ದೂರಿಗೆ ಯೋಗ್ಯ. ಹೆಸರಿನ ಶುರುವಿನಲ್ಲಿರುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಟೆಲಿಕಾಂ ಕಂಪನಿ, ಎರಡನೆಯದು ರಾಜ್ಯದ ವೃತ್ತ. ಕರ್ನಾಟಕಕ್ಕೆ ಎಕ್ಸ್. ಅದನ್ನು ನೋಡಿ ನಕಲಿ ಎಂದು ಗಾಬರಿಯಾಗಬೇಕಿಲ್ಲ.

ಬಾಲವೂ ಇಲ್ಲ, ಹೆಸರೂ ಇಲ್ಲ, ಬರೀ 10 ಅಂಕಿಯ ನಂಬರ್‌ನಿಂದ "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್" ಎಂದು ಬಂದರೆ ಅದು ಮೋಸ. ನಮ್ಮ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ಬೇಲೂರಿನವರಿಗೆ ಬೆಸ್ಕಾಂ ಹೆಸರಲ್ಲಿ ಬೆದರಿಕೆ ಬಂದರೆ ನಗು ಬರಬೇಕು.

ಒಂದನ್ನು ಮಾತ್ರ ಆಫ್ ಮಾಡಬೇಡಿ. ಜೋರಾಗಿ ಅಲಾರಂ ಹೊಡೆದು ಬರುವ ತುರ್ತು ಎಚ್ಚರಿಕೆ. 2023ರಲ್ಲಿ ಅದರ ಪರೀಕ್ಷೆ ನಡೆದಾಗ ಬೆಚ್ಚಿಬಿದ್ದು ನಿಲ್ಲಿಸಲು ಬಂದವರಿದ್ದರು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ನಮ್ಮ ಕಡೆಗೆ ಅದು ಬೇಕೇ ಬೇಕು.

ವಾಟ್ಸಾಪ್

ಇಲ್ಲಿಗೆ 1909 ತಲುಪುವುದಿಲ್ಲ. ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್, ಅದರಲ್ಲಿ ಗೊತ್ತಿಲ್ಲದವರ ಕರೆ ಮೌನ ಮಾಡುವ ಆಯ್ಕೆ. ಅಲ್ಲೇ ಗ್ರೂಪ್ಸ್ ಒಳಗೆ, ನನ್ನನ್ನು ಯಾರು ಸೇರಿಸಬಹುದು ಎಂಬುದಕ್ಕೆ "ಮೈ ಕಾಂಟ್ಯಾಕ್ಟ್ಸ್" ಇಡಿ. ಷೇರು ಟಿಪ್ಸ್ ಗ್ರೂಪ್‌ಗಳು ಅಲ್ಲಿಗೇ ನಿಲ್ಲುತ್ತವೆ.

ನಿಮ್ಮ ಫೋನೇ ಕಳಿಸುತ್ತಿದ್ದರೆ

ಫೋನ್ ನಿಜವಾಗಿ ಕೆಟ್ಟಿರುವುದು ಈ ಒಂದು ಕಡೆ ಮಾತ್ರ. "ನೀನು ಏನೋ ಫೈಲ್ ಕಳಿಸಿದ್ದೀಯಲ್ಲ" ಎಂದು ನೆಂಟರು ಕೇಳುತ್ತಾರೆ, ನೀವು ಕಳಿಸಿರುವುದಿಲ್ಲ. ಬ್ಯಾಲೆನ್ಸ್ ತಾನಾಗಿ ಇಳಿಯುತ್ತದೆ. ಓಟಿಪಿ ಮೆಸೇಜ್ ಬಂದು ಮಾಯವಾಗುತ್ತದೆ. ಹಿಂದೆ ಹೋಗಿ ನೋಡಿದರೆ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನ ಎಪಿಕೆ (ಆಪ್ ಇನ್‌ಸ್ಟಾಲ್ ಮಾಡುವ) ಫೈಲ್ ಒತ್ತಿರುತ್ತಾರೆ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಇನ್‌ಸ್ಟಾಲ್ ಮಾಡಿ ನೋಡಬೇಕಾದ ಮದುವೆ ಯಾವುದೂ ಇಲ್ಲ.

ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್ ತಡೆಹಿಡಿಸಿ. ಆಮೇಲೆ ಸೆಟ್ಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ಆ ದಿನ ಬಂದ ಆಪ್ ಹುಡುಕಿ. ಐಕಾನ್ ಇಲ್ಲದೆಯೂ ಇರಬಹುದು, ಹೆಸರು ಯಾವುದೋ ಸರ್ಕಾರಿ ಸೇವೆಯದ್ದಿರಬಹುದು. ಎಸ್‌ಎಂಎಸ್ ಅನುಮತಿ, ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್, ಈ ಮೂರು ಕಡೆ ಯಾರು ಕೂತಿದ್ದಾರೆ ನೋಡಿ. ಅಡ್ಮಿನ್ ಅನುಮತಿ ತೆಗೆದರೆ ಮಾತ್ರ ಅನ್‌ಇನ್‌ಸ್ಟಾಲ್ ಆಗುತ್ತದೆ. ಆಗದಿದ್ದರೆ ಸೇಫ್ ಮೋಡ್‌ನಲ್ಲಿ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಫೋಟೋ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್. ನನ್ನ ಮಟ್ಟಿಗೆ, ಇಂಥ ಫೋನಿನಲ್ಲಿ ಬ್ಯಾಂಕ್ ಆಪ್ ಇದ್ದರೆ ನೇರ ರೀಸೆಟ್ಟೇ ವಾಸಿ.

ಫೋನಿನಲ್ಲಿ ಏನೂ ಇಲ್ಲ, ಆದರೂ ನಿಮ್ಮ ಹೆಸರಿಗೆ ದೂರು ಬಂದಿದೆ ಎಂದರೆ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬೇಕು. ಸಂಚಾರ್ ಸಾಥಿಯಲ್ಲಿ ನಂಬರ್, ಓಟಿಪಿ ಹಾಕಿದರೆ ಪಟ್ಟಿ ಬರುತ್ತದೆ. ಒಬ್ಬರ ಹೆಸರಲ್ಲಿ ಒಟ್ಟು 9 ಸಿಮ್ ಮಿತಿ. ಕಾಫಿ ತೋಟದವರು ಇದನ್ನು ಈಗಲೇ ನೋಡಿ. ಅಸ್ಸಾಂನಿಂದ ಬಂದ ಕೆಲಸಗಾರರಿಗೆ ದಾಖಲೆ ಇಲ್ಲ ಎಂದು ಸಾಹುಕಾರರೋ ರೈಟರೋ ತಮ್ಮ ಆಧಾರ್ ಕೊಟ್ಟು ಸಿಮ್ ತೆಗೆಸಿಕೊಟ್ಟಿರುತ್ತಾರೆ. ಅವರು ಊರಿಗೆ ಹೋದರು, ಸಿಮ್ ಯಾರ ಕೈ ಸೇರಿತೋ. ಅದರಿಂದ ಸ್ಪ್ಯಾಮ್ ಹೋದರೆ ಕಡಿತವಾಗುವುದು ನಿಮ್ಮ ಸಂಪರ್ಕ. ಪಟ್ಟಿಯಲ್ಲಿ "ನನ್ನದಲ್ಲ" ಅಥವಾ "ಬೇಡ" ಎಂದು ಗುರುತು ಹಾಕಿದರೆ ಮುಂದಿನದನ್ನು ಕಂಪನಿ ನೋಡಿಕೊಳ್ಳುತ್ತದೆ.

"ಕೊರಿಯರ್ ಬಂದಿದೆ, 21 ಸೇರಿಸಿ ಈ ನಂಬರ್ ಡಯಲ್ ಮಾಡಿ" ಎಂದವರ ಮಾತು ಕೇಳಿದ ಮೇಲೆ ನಿಮಗೆ ಕರೆಯೇ ಬರುತ್ತಿಲ್ಲವಾದರೆ ಕರೆಗಳು ಬೇರೆಡೆಗೆ ತಿರುಗಿವೆ. ##002# ಡಯಲ್ ಮಾಡಿ. ಆಮೇಲೆ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಆಫ್ ಇದೆಯೇ ನೋಡಿ.

ಫಿಲ್ಟರ್ ಹಾಕುವ ಮುಂಚೆ ನಿಮ್ಮ ಕೆಲಸ ನೋಡಿಕೊಳ್ಳಿ

ಗೊತ್ತಿಲ್ಲದ ಕರೆಯನ್ನೆಲ್ಲ ಮೌನ ಮಾಡುವ ಆಯ್ಕೆ ಐಫೋನ್‌ನಲ್ಲಿ ಇದೆ, ಎಷ್ಟೋ ಆಂಡ್ರಾಯ್ಡ್‌ಗಳಲ್ಲೂ ಇದೆ. ನಿವೃತ್ತ ಮೇಷ್ಟ್ರಿಗೆ ಇದು ಸ್ವರ್ಗ. ಕೊಯ್ಲಿನ ಹೊತ್ತಲ್ಲಿ ಕಾಫಿ ಬೆಳೆಗಾರರಿಗೆ ಇದು ಆಗಿಬರುವುದಿಲ್ಲ. ಲಾರಿ ಡ್ರೈವರ್, ಹೊಸ ಮೇಸ್ತ್ರಿ, ಕ್ಯೂರಿಂಗ್ ವರ್ಕ್ಸ್‌ನ ಹುಡುಗ, ಎಲ್ಲರೂ ಗೊತ್ತಿಲ್ಲದ ನಂಬರೇ. ಅಂಥವರು ಗೂಗಲ್ ಫೋನ್ ಆಪ್‌ನ "ಕಾಲರ್ ಐಡಿ ಅಂಡ್ ಸ್ಪ್ಯಾಮ್" ಒಳಗಿನ ಸ್ಪ್ಯಾಮ್ ಫಿಲ್ಟರ್ ಮಾತ್ರ ಹಾಕಿಕೊಳ್ಳಿ. ಅದು ಸ್ಪ್ಯಾಮ್ ಎಂದು ಗುರುತಾದ ನಂಬರನ್ನಷ್ಟೇ ತಡೆಯುತ್ತದೆ. ಕರೆ ಮಾಡಿದವರ ಹೆಸರು ತೋರಿಸುವ ಬೇರೆ ಆಪ್‌ಗಳು ಪೇಟೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಡೇಟಾ ಸಿಗದ ತೋಟದ ಮಧ್ಯೆ ಹೆಸರು ತೋರಿಸದಿದ್ದರೆ ಆಪ್ ಕೆಟ್ಟಿಲ್ಲ, ಸಿಗ್ನಲ್ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಕಾಂಟ್ಯಾಕ್ಟ್ ಪಟ್ಟಿ ಕೇಳುತ್ತದೆಯೇ ನೋಡಿ, ಕೊಡುವ ಮುಂಚೆ ಯೋಚಿಸಿ.

ಹೋಮ್‌ಸ್ಟೇ ನಡೆಸುವವರ ಕಷ್ಟ ಎಲ್ಲರಿಗಿಂತ ಜಾಸ್ತಿ. ನಂಬರ್ ಎಲ್ಲಾ ಕಡೆ ಬಹಿರಂಗ, ಬರುವ ಅತಿಥಿ ಪ್ರತಿಯೊಬ್ಬರೂ ಅಪರಿಚಿತರೇ. ಫಿಲ್ಟರ್ ಬಿಗಿ ಮಾಡಿದರೆ ಬುಕಿಂಗ್ ಹೋಗುತ್ತದೆ. ಇವರಿಗೆ ನನ್ನ ಸಲಹೆ ಒಂದೇ: ಬುಕಿಂಗ್‌ಗೆ ಬೇರೆ ಸಿಮ್, ಬ್ಯಾಂಕ್ ಖಾತೆಗೆ ಬೇರೆ ಸಿಮ್. ಬ್ಯಾಂಕಿನ ನಂಬರ್ ಬೋರ್ಡ್ ಮೇಲೂ ಬೇಡ, ವಿಸಿಟಿಂಗ್ ಕಾರ್ಡ್ ಮೇಲೂ ಬೇಡ. ಆಗ ಬುಕಿಂಗ್ ಸಿಮ್‌ಗೆ "ಬ್ಯಾಂಕಿನಿಂದ" ಕರೆ ಬಂದರೆ ಸುಳ್ಳು ಎಂದು ಎತ್ತುವ ಮುಂಚೆಯೇ ಗೊತ್ತು. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಹತ್ತು ರೂಮು ಕೇಳಿ, ಅಡ್ವಾನ್ಸ್ ಕಳಿಸಲು ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರೂ ಈ ಸಿಮ್‌ಗೇ ಬರುತ್ತಾರೆ. ದುಡ್ಡು ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ.

ಕೀಪ್ಯಾಡ್ ಫೋನ್ ಇರುವ ಹಿರಿಯರಿಗೆ

ಆಪ್ ಇಲ್ಲ, ಫಿಲ್ಟರ್ ಇಲ್ಲ, ಆದರೆ 1909 ಇದೆ. ಡಿಎನ್‌ಡಿ ಮೆಸೇಜ್ ಅದರಿಂದಲೂ ಹೋಗುತ್ತದೆ, ಕರೆ ಮಾಡಿ ಹೇಳಿದರೂ ಆಗುತ್ತದೆ. ಅಜ್ಜನ ಫೋನ್ ತಗೊಂಡು ಸ್ಟಾರ್ಟ್ 0 ನೀವೇ ಕಳಿಸಿಕೊಡಿ. ಬೇಕಾದ ಹತ್ತು ಹದಿನೈದು ನಂಬರ್‌ಗಳನ್ನು ಹೆಸರು ಹಾಕಿ ಸೇವ್ ಮಾಡಿ, ಅವೆಲ್ಲಕ್ಕೂ ಒಂದೇ ರಿಂಗ್‌ಟೋನ್ ಇಡಿ, ಉಳಿದ ಕರೆಗಳಿಗೆ ಬೇರೆಯದು. ಹೆಸರು ಓದಲು ಕನ್ನಡಕ ಹುಡುಕಬೇಕಿಲ್ಲ, ಶಬ್ದ ಕೇಳಿಯೇ ಎತ್ತಬೇಕೋ ಬೇಡವೋ ಗೊತ್ತಾಗುತ್ತದೆ. ಕೆಲವು ಕೀಪ್ಯಾಡ್ ಫೋನ್‌ಗಳಲ್ಲಿ ಬೇರೆ ಬೇರೆ ರಿಂಗ್‌ಟೋನ್ ಇಡಲು ನಂಬರ್ ಸಿಮ್‌ನಲ್ಲಿ ಇದ್ದರೆ ಆಗುವುದಿಲ್ಲ, ಫೋನ್ ಮೆಮೊರಿಯಲ್ಲಿ ಸೇವ್ ಮಾಡಿ.